ಸೊಂಟದ ಪಿಸ್ತೂಲಿನ ಟ್ರಿಗರ್ ಎಷ್ಟು ಹಗುರ ಇರಬೇಕು?

ಅಮೆರಿಕದಲ್ಲಿ ಅಂಗಿಯ ಕೆಳಗೆ, ಸೊಂಟದ ಪಟ್ಟಿಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವುದು ಈಗ ಲಕ್ಷಾಂತರ ಜನರ ದಿನಚರಿ. 2019ರ ಒಂದು ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನ ಪ್ರಕಾರ ಸುಮಾರು 60 ಲಕ್ಷ ಜನ ಪ್ರತಿದಿನ ಹೀಗೆ ಹೊರಡುತ್ತಿದ್ದರು. ನಾಲ್ಕೇ ವರ್ಷದ ಹಿಂದೆ ಇದರ ಅರ್ಧದಷ್ಟಿತ್ತು. ಅದಾದ ಮೇಲೆ 2022ರ ಜೂನ್ 23ರಂದು ಅಲ್ಲಿನ ಸುಪ್ರೀಂ ಕೋರ್ಟ್ ಬ್ರೂಯನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಬೇಕು ಎಂಬ ನ್ಯೂಯಾರ್ಕಿನ ನಿಯಮ ಬಿದ್ದುಹೋಯಿತು. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರ್ಮಿಟ್ಟೇ ಬೇಕಾಗಿಲ್ಲ. ಟೆಕ್ಸಾಸ್, ಜಾರ್ಜಿಯಾ, ಫ್ಲಾರಿಡಾ ಎಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಕನ್ನಡದವರು ತುಂಬ ಜನ ಇರುವ ಊರುಗಳೂ ಆ ರಾಜ್ಯಗಳಲ್ಲೇ ಇವೆ.

ಪಿಸ್ತೂಲು ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಬೇರೆ, ಅದು ಇಲ್ಲಿ ಬೇಡ. ಕೊಂಡ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಮಾತಾಡೋಣ. ಬಹಳ ಜನ ಮೊದಲ ತಿಂಗಳಲ್ಲೇ ಅದರ ಟ್ರಿಗರ್ ಸರಿ ಇಲ್ಲ ಅನ್ನುತ್ತಾರೆ. ಗಟ್ಟಿ ಇದೆ, ಉದ್ದ ಇದೆ, ಒರಟು ಇದೆ. ಆಮೇಲೆ ಹುಡುಕಾಟ ಶುರು. ಹಗುರ ಸ್ಪ್ರಿಂಗ್, ಅಲ್ಯೂಮಿನಿಯಂ ಟ್ರಿಗರ್, ತೂತು ಕೊರೆದ ಹ್ಯಾಮರ್, ಬಾಲ ಕತ್ತರಿಸಿದ ಹ್ಯಾಮರ್, ಎಲ್ಲ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಬಂದೂಕಿನ ಮೈ, ಅಂದರೆ ಅದರ ಮುಖ್ಯ ಚೌಕಟ್ಟು, ಕೊಳ್ಳುವಾಗ ಹಿನ್ನೆಲೆ ತಪಾಸಣೆ ಇದೆ. ಈ ಬಿಡಿಭಾಗಗಳಿಗೆ ಅದೂ ಇಲ್ಲ, ಕವರಿನಲ್ಲಿ ಮನೆಗೆ ಬರುತ್ತವೆ.

ದೂರು ಸುಳ್ಳಲ್ಲ. ಪುಟ್ಟ ಪಿಸ್ತೂಲಿನಲ್ಲಿ ಗುರಿ ಹಿಡಿಯುವುದು ನಿಜವಾಗಲೂ ಕಷ್ಟ, ಕಾರಣ ಸರಳ ಲೆಕ್ಕ. ಹಳೆಯ ಕಾಲದ, ಪೂರ್ತಿ ಉಕ್ಕಿನ, 1911 ಎಂಬ ಮಾದರಿಯ ಪಿಸ್ತೂಲು ಸುಮಾರು 1.1 ಕಿಲೋ ತೂಗುತ್ತದೆ. ಅದರ ಟ್ರಿಗರ್ ಎಳೆಯಲು ಎರಡು ಕಿಲೋ ಆಸುಪಾಸು ಬಲ ಸಾಕು. 2018ರಲ್ಲಿ ಬಂದ ಸಿಗ್ ಪಿ365 ತೂಗುವುದು ಸುಮಾರು ಅರ್ಧ ಕಿಲೋ, ಅದರ ಟ್ರಿಗರಿಗೆ ಬೇಕಾದ ಬಲ ಎರಡೂವರೆ ಕಿಲೋ ದಾಟುತ್ತದೆ. 2008ರ ರೂಗರ್ ಎಲ್‌ಸಿಪಿ ಇನ್ನೂ ಸಣ್ಣದು, ಮುನ್ನೂರು ಗ್ರಾಂ ಕೂಡ ಇಲ್ಲ. ತನ್ನ ತೂಕದ ಐದಾರು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟು ಬಲ ಹಾಕಿ ಒಂದು ವಸ್ತುವಿನ ಒಂದು ಭಾಗವನ್ನು ಎಳೆಯುವಾಗ ಉಳಿದ ಭಾಗ ಅಲುಗಾಡದೆ ಇರುತ್ತದಾ? ಇರಲ್ಲ. ನಳಿಕೆಯ ತುದಿ ಪಕ್ಕಕ್ಕೋ ಕೆಳಕ್ಕೋ ಸರಿಯುತ್ತದೆ, ಗುಂಡು ಬೇರೆಲ್ಲೋ ಹೋಗುತ್ತದೆ. ಆದ್ದರಿಂದ ಟ್ರಿಗರ್ ಹಗುರ ಮಾಡಬೇಕು ಅನ್ನಿಸುವುದು ಸಹಜ.

ಆದರೆ ಆ ಭಾರವನ್ನು ಯಾಕೆ ಇಟ್ಟಿದ್ದಾರೆ ಅಂತ ಮೊದಲು ನೋಡಬೇಕು.

ಪಿಸ್ತೂಲಿನೊಳಗೆ ನಡೆಯುವುದು ಇಷ್ಟು. ಹ್ಯಾಮರ್ ಅಂದರೆ ಹಿಂಬದಿಯಲ್ಲಿ ಕೂತಿರುವ ಪುಟ್ಟ ಸುತ್ತಿಗೆ. ಅದನ್ನು ಒಂದು ಬಲವಾದ ಸ್ಪ್ರಿಂಗ್ ಮುಂದಕ್ಕೆ ತಳ್ಳುತ್ತಿರುತ್ತದೆ. ಹ್ಯಾಮರನ್ನು ಹಿಂದಕ್ಕೆ ಎಳೆದು ನಿಲ್ಲಿಸಿದಾಗ ಸಿಯರ್ ಎಂಬ ಚಿಕ್ಕ ಉಕ್ಕಿನ ತುಂಡು ಅದರ ಕಚ್ಚಿಗೆ ಸಿಕ್ಕಿಕೊಂಡು ಹಿಡಿದಿಡುತ್ತದೆ. ಸ್ಪ್ರಿಂಗ್ ಇರುವ ಇಲಿಬೋನಿನಲ್ಲಿ ಒಂದು ಸಣ್ಣ ಕಂಬಿ ಇಡೀ ಬಲವನ್ನು ತಡೆದು ನಿಂತಿರುತ್ತದಲ್ಲ, ಹಾಗೆ. ಟ್ರಿಗರ್ ಎಳೆದರೆ ಸಿಯರ್ ಜಾರುತ್ತದೆ, ಹ್ಯಾಮರ್ ಬಂದು ಫೈರಿಂಗ್ ಪಿನ್ನಿಗೆ ಹೊಡೆಯುತ್ತದೆ, ಪಿನ್ ಹೋಗಿ ಕಾಡತೂಸಿನ ಹಿಂದಿರುವ ಪ್ರೈಮರಿಗೆ, ಅಂದರೆ ಕಿಡಿ ಹುಟ್ಟಿಸುವ ಪುಟ್ಟ ಮುಚ್ಚಳಕ್ಕೆ, ಕುಟ್ಟುತ್ತದೆ. ಹ್ಯಾಮರ್ ಮತ್ತು ಸಿಯರ್ ಒಂದಕ್ಕೊಂದು ಕಚ್ಚಿಕೊಂಡಿರುವ ಜಾಗ ಎಷ್ಟೋ ಪಿಸ್ತೂಲುಗಳಲ್ಲಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಟ್ರಿಗರ್ ಎಳೆದರೆ ಸಿಯರ್ ಟಕ್ಕನೆ ಬಿಟ್ಟುಕೊಳ್ಳಬೇಕು ಎಂದು ಅರದಲ್ಲಿ ತಿಕ್ಕುವವರು ತಿಕ್ಕುತ್ತಿರುವುದು ಇದೇ ಜಾಗವನ್ನು. ಸಿಯರಿನ ಮೇಲಿನ ಗಟ್ಟಿ ಪದರ ತೆಳುವಾಗಿರುತ್ತದೆ. ಅದು ಸವೆದರೆ ಒಳಗಿನ ಮೆತ್ತನೆ ಲೋಹ ಬೇಗ ಸವೆಯುತ್ತದೆ, ಇವತ್ತು ಚೆನ್ನಾಗಿದ್ದ ಟ್ರಿಗರ್ ಸಾವಿರ ಗುಂಡಿನ ನಂತರ ಹೇಗಿರುತ್ತದೆ ಎಂದು ಯಾರೂ ಹೇಳಲಾರರು.

ಬೆರೆಟಾ 92, ಸಿಝಡ್ 75 ಥರದ ಪಿಸ್ತೂಲುಗಳಲ್ಲಿ ಮೊದಲ ಗುಂಡಿಗೆ ಟ್ರಿಗರೇ ಹ್ಯಾಮರನ್ನು ಹಿಂದಕ್ಕೆ ಎತ್ತಿ ಬಿಡುತ್ತದೆ, ಹಾಗಾಗಿ ಎಳೆತ ಉದ್ದ ಮತ್ತು ಭಾರ, ನಾಲ್ಕೈದು ಕಿಲೋ. ಎರಡನೆಯದರಿಂದ ಸ್ಲೈಡೇ, ಅಂದರೆ ಪ್ರತಿ ಗುಂಡಿಗೂ ಹಿಂದೆ ಹೋಗಿ ಬರುವ ಮೇಲಿನ ಭಾಗವೇ, ಹ್ಯಾಮರನ್ನು ಎತ್ತಿಟ್ಟಿರುತ್ತದೆ, ಟ್ರಿಗರ್ ಹಗುರವಾಗುತ್ತದೆ. ಗ್ಲಾಕ್, ಸಿಗ್ ಪಿ365 ಇವುಗಳಲ್ಲಿ ಹ್ಯಾಮರೇ ಇಲ್ಲ, ಒಳಗೆ ಸ್ಟ್ರೈಕರ್ ಎಂಬ ಕಡ್ಡಿ ಇರುತ್ತದೆ, ಪ್ರೈಮರಿಗೆ ಕುಟ್ಟುವುದು ಅದೇ. ಗ್ಲಾಕಿನಲ್ಲಿ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ ಕೂಡ ಇಲ್ಲ. ಟ್ರಿಗರಿನ ಮಧ್ಯದ ಒಂದು ಸಣ್ಣ ನಾಲಿಗೆ, ಒಳಗಿನ ಎರಡು ತಡೆಗಳು, ಮತ್ತೆ ಆ ಸುಮಾರು ಎರಡೂವರೆ ಕಿಲೋ ಎಳೆತ, ಅಷ್ಟೇ. ಒಳಗಿನ ತಡೆಗಳು ಬಿದ್ದಾಗ, ಕುಲುಕಿದಾಗ ಕಾಯುತ್ತವೆ. ಅಂಗಿಯ ಅಂಚೋ ಬೆರಳೋ ಟ್ರಿಗರಿಗೆ ಸಿಕ್ಕಿಕೊಂಡಾಗ ಕಾಯುವುದು ಎಳೆತದ ಭಾರ ಮತ್ತು ಉದ್ದ ಮಾತ್ರ. ಅಂದರೆ ಸೇಫ್ಟಿ ಗುಂಡಿ ಇಲ್ಲದ ಪಿಸ್ತೂಲಿನಲ್ಲಿ ಟ್ರಿಗರಿನ ಭಾರವೇ ಒಂದು ಸೇಫ್ಟಿ. ಅದನ್ನು ಅರ್ಧಕ್ಕೆ ಇಳಿಸುವವರು ಆ ಸೇಫ್ಟಿಯನ್ನು ಅರ್ಧಕ್ಕೆ ಇಳಿಸುತ್ತಿದ್ದಾರೆ, ಬೇರೇನನ್ನೂ ಅದರ ಜಾಗಕ್ಕೆ ತರುತ್ತಿಲ್ಲ. ನನ್ನ ಇಡೀ ಆಕ್ಷೇಪ ಇರುವುದು ಇಲ್ಲಿಯೇ.

ಹಾಗಂತ ಭಾರ ಜಾಸ್ತಿ ಮಾಡಿದರೆ ಸುರಕ್ಷಿತ ಎನ್ನುವುದೂ ಸರಿಯಲ್ಲ. ಇದಕ್ಕೆ ನ್ಯೂಯಾರ್ಕ್ ಪೊಲೀಸರ ಕಥೆ ನೋಡಬೇಕು. 1993ರಲ್ಲಿ ಅವರು ರಿವಾಲ್ವರ್ ಬಿಟ್ಟು 9 ಎಂಎಂ ಪಿಸ್ತೂಲಿಗೆ ಬರತೊಡಗಿದರು. ರಿವಾಲ್ವರಿನ ಉದ್ದ, ಗಟ್ಟಿ ಎಳೆತಕ್ಕೆ ಒಗ್ಗಿದ್ದ ಸಾವಿರಾರು ಜನರ ಕೈಗೆ ಹಗುರ ಟ್ರಿಗರ್ ಕೊಟ್ಟರೆ ಅನಾಹುತ ಆಗಬಹುದು ಎಂಬ ಭಯ ಇತ್ತು. ಅದಕ್ಕೆ 12 ಪೌಂಡಿನ, ಅಂದರೆ ಸುಮಾರು 5.4 ಕಿಲೋದ ಟ್ರಿಗರ್ ಹಾಕಿಸಿದರು. ಗ್ಲಾಕಿನಲ್ಲಿ ಇದಕ್ಕೆಂದೇ ಇರುವ ಸ್ಪ್ರಿಂಗಿಗೆ ಇವತ್ತಿಗೂ ನ್ಯೂಯಾರ್ಕ್ ಟ್ರಿಗರ್ ಅಂತಲೇ ಹೆಸರು. ಏನಾಯಿತು? 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಎದುರು ಒಬ್ಬ ಕೊಲೆಗಾರನ ಮೇಲೆ ಇಬ್ಬರು ಪೊಲೀಸರು 16 ಗುಂಡು ಹಾರಿಸಿದರು. ದಾರಿಹೋಕರು 9 ಮಂದಿಗೆ ಗುಂಡು ಮತ್ತು ಅದರ ಚೂರು ತಗುಲಿತು, ಎಲ್ಲವೂ ಪೊಲೀಸರದ್ದೇ. ಆ ಭಾರದ ಟ್ರಿಗರಿನಲ್ಲಿ ಗುರಿ ನಿಲ್ಲುವುದಿಲ್ಲ ಎಂಬ ಮಾತು ಮತ್ತೆ ಎದ್ದಿತು. ಹಗುರ ಟ್ರಿಗರನ್ನು ಪರಿಶೀಲಿಸಿ ಎಂದು ರಾಂಡ್ ಎಂಬ ಸಂಶೋಧನಾ ಸಂಸ್ಥೆ 2008ರ ವರದಿಯಲ್ಲೇ ಹೇಳಿತ್ತು. ಕೊನೆಗೆ 2021ರಲ್ಲಿ ಹೊಸದಾಗಿ ಸೇರುವವರಿಗೆ ಹಗುರ ಟ್ರಿಗರ್ ಕೊಡಲು ಇಲಾಖೆ ತೀರ್ಮಾನಿಸಿತು.

ಇನ್ನು ಆ ಭಾರ ಆಕಸ್ಮಿಕಗಳನ್ನಾದರೂ ತಡೆಯಿತಾ? ಅದೂ ಪೂರ್ತಿ ಇಲ್ಲ. 2014ರ ನವೆಂಬರಿನಲ್ಲಿ ಬ್ರೂಕ್ಲಿನ್ನಿನ ಒಂದು ವಸತಿ ಸಮುಚ್ಚಯದ ಕತ್ತಲೆ ಮೆಟ್ಟಿಲಲ್ಲಿ ಹೊಸಬ ಪೊಲೀಸ್ ಒಬ್ಬನ ಗ್ಲಾಕಿನಿಂದ ಗುಂಡು ಹಾರಿತು. ಗೋಡೆಗೆ ಬಡಿದು ತಿರುಗಿ ಕೆಳಗಿನ ಮೆಟ್ಟಿಲಲ್ಲಿದ್ದ ಅಕಾಯ್ ಗರ್ಲಿ ಎಂಬ ಯುವಕನ ಎದೆಗೆ ಹೊಕ್ಕಿತು. ಆತನ ಹತ್ತಿರ ಆಯುಧ ಇರಲಿಲ್ಲ, ಜಗಳ ಇರಲಿಲ್ಲ, ಸುಮ್ನೆ ಇಳಿದು ಹೋಗುತ್ತಿದ್ದ. ಶಬ್ದ ಕೇಳಿ ಬೆಚ್ಚಿಬಿದ್ದೆ, ಮೈ ಬಿಗಿಯಾಯಿತು ಎಂದು ಆ ಪೊಲೀಸ್ ಹೇಳಿದ. ಹನ್ನೊಂದೂವರೆ ಪೌಂಡಿನ ಟ್ರಿಗರ್ ಆ ಬೆಚ್ಚುವಿಕೆಗೆ ಬಗ್ಗಿತ್ತು.

ಇದರಲ್ಲಿ ಅಚ್ಚರಿ ಇಲ್ಲ. ಬೆರಳು ತಾನಾಗಿ ಮುದುಡುವುದಕ್ಕೆ ರೋಜರ್ ಎನೋಕಾ ಎಂಬ ಶರೀರ ವಿಜ್ಞಾನಿ ಮೂರು ಸಂದರ್ಭಗಳನ್ನು ಗುರುತಿಸಿದ್ದಾರೆ. ಒಂದು ಕೈ ಬಿಗಿಯಾಗಿ ಏನನ್ನೋ ಹಿಡಿದಾಗ ಇನ್ನೊಂದು ಕೈಯೂ ಬಿಗಿಯಾಗುವುದು, ಕಾಲು ಜಾರಿದಾಗ ಸಿಕ್ಕಿದ್ದನ್ನು ಹಿಡಿದುಕೊಳ್ಳುವುದು, ಮತ್ತೆ ಬೆಚ್ಚಿಬೀಳುವುದು. ಮೂರರಲ್ಲೂ ಬೆರಳಿಗೆ ಬರುವ ಬಲ ಕಿಲೋಗಟ್ಟಲೆ ಇರಬಹುದು. ಆದ್ದರಿಂದ ಬೆರಳು ಆಗಲೇ ಟ್ರಿಗರಿನ ಮೇಲಿದ್ದರೆ ಯಾವ ಕಾರ್ಖಾನೆಯ ಭಾರವೂ ಗ್ಯಾರಂಟಿ ಕೊಡುವುದಿಲ್ಲ. ಬೆರಳು ಹೊರಗಿರಬೇಕು, ಅಷ್ಟೇ. ಆದರೆ ಐದು ಕಿಲೋವೇ ಸೋತ ಜಾಗದಲ್ಲಿ ಒಂದೂವರೆ ಕಿಲೋ ಗೆಲ್ಲುತ್ತದೆ ಎಂದು ನಂಬುವುದು ಹೇಗೆ?

ಈಗ ಜನ ಏನೇನು ಬದಲಾಯಿಸುತ್ತಾರೆ ನೋಡೋಣ. ಅತಿ ಸುಲಭದ್ದು ಹ್ಯಾಮರ್ ಸ್ಪ್ರಿಂಗ್. ಮೊದಲ ಗುಂಡಿಗೆ ಟ್ರಿಗರ್ ಎಳೆಯುವಾಗ ಬೆರಳು ಕೆಲಸ ಮಾಡುವುದು ಈ ಸ್ಪ್ರಿಂಗಿನ ವಿರುದ್ಧವೇ, ಹಾಗಾಗಿ ಇದನ್ನು ಹಗುರ ಮಾಡಿದರೆ ಎಳೆತ ತಕ್ಷಣ ಹಗುರವಾಗುತ್ತದೆ. ಸ್ಲೈಡ್ ಹಿಂದಕ್ಕೆ ಎಳೆಯುವುದೂ ಸುಲಭವಾಗುತ್ತದೆ, ಯಾಕೆಂದರೆ ಸ್ಲೈಡ್ ಹಿಂದೆ ಹೋಗುವಾಗ ಹ್ಯಾಮರನ್ನು ತಳ್ಳಿಕೊಂಡೇ ಹೋಗಬೇಕು. ಕೈಯಲ್ಲಿ ಶಕ್ತಿ ಕಡಿಮೆ ಇರುವವರಿಗೆ, ಸಂಧಿವಾತ ಇರುವವರಿಗೆ ಇದು ದೊಡ್ಡ ಅನುಕೂಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸ್ಪ್ರಿಂಗಿನ ಬಲದಿಂದಲೇ ಅಲ್ವಾ ಹ್ಯಾಮರ್ ಹೊಡೆಯುವುದು? ಬಲ ಕಡಿಮೆಯಾದರೆ ಏಟೂ ಕಡಿಮೆ. ಪ್ರೈಮರ್ ಮೆತ್ತಗಿದ್ದರೆ ಸಿಡಿಯುತ್ತದೆ, ಗಟ್ಟಿಯಿದ್ದರೆ ಟಕ್ ಎಂದು ಸುಮ್ಮನಾಗುತ್ತದೆ. ಸ್ಪರ್ಧೆಯಲ್ಲಿ ಶೂಟ್ ಮಾಡುವವರು ಇದಕ್ಕಾಗಿಯೇ ಮೆತ್ತನೆ ಪ್ರೈಮರಿಗೆ ಹೆಸರಾದ ಫೆಡರಲ್ ಕಂಪನಿಯದ್ದನ್ನು ಹುಡುಕಿಕೊಂಡು ಹೋಗುತ್ತಾರೆ. 2020ರಿಂದ ಎರಡು ವರ್ಷ ಅಮೆರಿಕದಲ್ಲಿ ಮದ್ದುಗುಂಡಿನ ಬರ ಬಂದಿತ್ತು, ಅಂಗಡಿಯಲ್ಲಿ ಏನು ಸಿಕ್ಕರೆ ಅದೇ. ಒಂದೇ ಬ್ರಾಂಡಿಗೆ ಹೊಂದುವ ಹಾಗೆ ಸ್ಪ್ರಿಂಗ್ ಇಳಿಸಿಕೊಂಡವರಿಗೆ ಅಂಥ ಹೊತ್ತಲ್ಲಿ ಪಿಸ್ತೂಲನ್ನು ನಂಬುವ ಹಾಗೇ ಇರುವುದಿಲ್ಲ. ಸ್ಪರ್ಧೆಯಲ್ಲಿ ಒಂದು ಗುಂಡು ಹಾರದಿದ್ದರೆ ಕೆಲವು ಸೆಕೆಂಡು ಹೋಗುತ್ತದೆ. ಜೀವ ಉಳಿಸಿಕೊಳ್ಳಲೆಂದು ಇಟ್ಟುಕೊಂಡ ಪಿಸ್ತೂಲಿಗೆ ಆ ಲೆಕ್ಕ ನಡೆಯಲ್ಲ.

ಇದರಲ್ಲೂ ನೆಟ್ಟಗೆ ಯೋಚಿಸಿ ಮಾಡಿದ ಬದಲಾವಣೆಗಳಿವೆ. ಬೆರೆಟಾ 92ಕ್ಕೆ ಹಾಕುವ ಡಿ ಸ್ಪ್ರಿಂಗ್ ಅಂಥದ್ದು. ಬೆರೆಟಾ ಕಂಪನಿಯೇ ತನ್ನ 92ಡಿ ಎಂಬ ಮಾದರಿಗೆ, ಅಂದರೆ ಪ್ರತಿ ಗುಂಡಿಗೂ ಉದ್ದ ಎಳೆತವೇ ಇರುವ ಪಿಸ್ತೂಲಿಗೆ, ಮಾಡಿದ್ದ ಹಗುರ ಹ್ಯಾಮರ್ ಸ್ಪ್ರಿಂಗ್ ಅದು. ಅದನ್ನೇ ಮಾಮೂಲಿ 92ಕ್ಕೆ ಹಾಕಿದರೆ ಮೊದಲ ಎಳೆತ ಸಾಕಷ್ಟು ಇಳಿಯುತ್ತದೆ. ಎಳೆತದ ಉದ್ದ ಹಾಗೇ ಉಳಿಯುತ್ತದೆ, ಫೈರಿಂಗ್ ಪಿನ್ನಿನ ತಡೆಗೆ ಕೈ ಹಾಕಿದ ಹಾಗಾಗುವುದಿಲ್ಲ. ತಯಾರಕರೇ ಲೆಕ್ಕ ಹಾಕಿ ಮಾಡಿದ ಭಾಗ. ಬದಲಾವಣೆ ಅಂದರೆ ನನಗೆ ಇಷ್ಟವಾಗುವುದು ಈ ಥರದ್ದು.

ಹ್ಯಾಮರಿನ ಬಾಲ ಕತ್ತರಿಸುವುದಕ್ಕೆ ನೂರು ವರ್ಷದ ಇತಿಹಾಸ ಇದೆ. ಹ್ಯಾಮರಿನ ಹಿಂದೆ ಹೆಬ್ಬೆರಳಿಟ್ಟು ಎಳೆಯಲು ಒಂದು ಕೊಕ್ಕೆ ಇರುತ್ತದೆ. ಜೇಬಿನಿಂದ ತೆಗೆಯುವಾಗ ಅದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. 1920ರ ದಶಕದಲ್ಲಿ ಕೋಲ್ಟ್ ಕಂಪನಿಯ ಜಾನ್ ಹೆನ್ರಿ ಫಿಟ್ಜೆರಾಲ್ಡ್ ಎಂಬವರು ರಿವಾಲ್ವರಿನ ಆ ಕೊಕ್ಕೆಯನ್ನು ಕತ್ತರಿಸಿ, ಜೊತೆಗೆ ಟ್ರಿಗರಿನ ಮುಂದಿನ ಕಾವಲು ಕಂಬಿಯನ್ನೂ ತೆಗೆದು ಕೊಡುತ್ತಿದ್ದರು. ಕೊಕ್ಕೆ ಕತ್ತರಿಸಿದ್ದು ಸರಿ, ಕಾವಲು ಕಂಬಿ ತೆಗೆದದ್ದು ಇವತ್ತಿನ ಕಣ್ಣಿಗೆ ಹುಚ್ಚುತನ. 1950ರ ದಶಕದಲ್ಲಿ ಸ್ಮಿತ್ ಅಂಡ್ ವೆಸನ್ ಇದೇ ತೊಂದರೆಗೆ ಕಾರ್ಖಾನೆಯಲ್ಲೇ ಉತ್ತರ ಹುಡುಕಿತು. ಸೆಂಟೆನಿಯಲ್ ಮಾದರಿಯಲ್ಲಿ ಹ್ಯಾಮರನ್ನು ಪೂರ್ತಿ ಒಳಗೆ ಮುಚ್ಚಿತು, ಬಾಡಿಗಾರ್ಡ್ ಮಾದರಿಯಲ್ಲಿ ಎರಡೂ ಪಕ್ಕ ಗೋಡೆ ಎಬ್ಬಿಸಿ ತುದಿ ಮಾತ್ರ ಬಿಟ್ಟಿತು. ಲಾಸ್ ಏಂಜಲಿಸ್ ಪೊಲೀಸರು ತಮ್ಮ ರಿವಾಲ್ವರುಗಳಲ್ಲಿ ಹ್ಯಾಮರ್ ಹಿಂದೆ ನಿಲ್ಲುವ ಕಚ್ಚನ್ನೇ ತೆಗೆಸಿದ್ದರು. ಹಗುರ ಎಳೆತ ಅನ್ನುವುದೇ ಬೇಡ, ಪ್ರತಿ ಸಲವೂ ಉದ್ದ ಎಳೆತವೇ ಇರಲಿ ಎಂಬ ಲೆಕ್ಕ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಿಸ್ತೂಲನ್ನು ತೆಗೆಯುವಾಗ ಆಗುವ ಅನಾಹುತದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಆದರೆ ಹೋಲ್‌ಸ್ಟರಿಗೆ, ಅಂದರೆ ಪಿಸ್ತೂಲಿನ ಒರೆಗೆ, ವಾಪಸ್ ಇಡುವ ಕ್ಷಣ ಅಷ್ಟೇ ಅಪಾಯದ್ದು. ಅದರಲ್ಲೂ ಈಗ ಚಾಲ್ತಿಯಲ್ಲಿರುವುದು ಹೊಟ್ಟೆಯ ಮುಂಭಾಗದಲ್ಲಿ, ಪ್ಯಾಂಟಿನ ಒಳಗೆ ಇಟ್ಟುಕೊಳ್ಳುವ ಕ್ರಮ. ಆಗ ನಳಿಕೆ ಸೀದಾ ತೊಡೆಯ ದೊಡ್ಡ ರಕ್ತನಾಳದ ಕಡೆ ತೋರುತ್ತಿರುತ್ತದೆ. ಅಂಗಿಯ ಅಂಚು, ಜಾಕೆಟ್ಟಿನ ದಾರ ಹೋಲ್‌ಸ್ಟರಿನ ಬಾಯಲ್ಲಿ ಸಿಕ್ಕಿ ಟ್ರಿಗರನ್ನು ತಳ್ಳಿದರೆ ಮುಗಿಯಿತು. ಹ್ಯಾಮರ್ ಹೊರಗೆ ಕಾಣುವ ಪಿಸ್ತೂಲಿನಲ್ಲಿ ಇದಕ್ಕೊಂದು ಉಪಾಯ ಇದೆ. ಹ್ಯಾಮರ್ ಇಳಿಸಿದ ಸ್ಥಿತಿಯಲ್ಲಿ ಹೆಬ್ಬೆರಳನ್ನು ಅದರ ಮೇಲೆ ಒತ್ತಿಟ್ಟು ಪಿಸ್ತೂಲನ್ನು ಒಳಗಿಡಬೇಕು. ಟ್ರಿಗರಿಗೆ ಏನೋ ತಾಗಿದರೆ ಹ್ಯಾಮರ್ ಹಿಂದಕ್ಕೆ ಏಳಲು ನೋಡುತ್ತದೆ, ಹೆಬ್ಬೆರಳಿಗೆ ತಕ್ಷಣ ಗೊತ್ತಾಗುತ್ತದೆ, ತಡೆಯಲೂ ಆಗುತ್ತದೆ. ಗ್ಲಾಕಿನವರಿಗೆ ಈ ಅನುಕೂಲ ಇರಲಿಲ್ಲ ಎಂದು ಕೆಲವರು ಹಿಂಬದಿಯ ಮುಚ್ಚಳದ ಬದಲು ಕೀಲಿರುವ ಇನ್ನೊಂದನ್ನು ಮಾಡಿದರು. ಟ್ರಿಗರ್ ಒತ್ತಿದಾಗ ಆ ಮುಚ್ಚಳ ಹೊರಕ್ಕೆ ಬಾಗುತ್ತದೆ, ಅದರ ಮೇಲೆ ಹೆಬ್ಬೆರಳು ಇಟ್ಟಿದ್ದರೆ ಅಪಾಯ ತಿಳಿಯುತ್ತದೆ.

ಇಂಥದ್ದು ನೋಡಿದಾಗ ನನಗೆ ಖುಷಿಯಾಗುತ್ತದೆ. ಕೊಕ್ಕೆ ಸ್ವಲ್ಪ ಗಿಡ್ಡ ಮಾಡಿ, ಆದರೆ ಹೆಬ್ಬೆರಳು ಕೂರುವಷ್ಟು ಉಳಿಸಿಕೊಳ್ಳಿ. ಪೂರ್ತಿ ಬೋಳಿಸಿ ಸ್ಲೈಡಿನ ಮಟ್ಟಕ್ಕೆ ತಂದರೆ ನೋಡಲು ಚೆಂದ, ಬಟ್ಟೆಗೂ ಸಿಕ್ಕುವುದಿಲ್ಲ, ಆದರೆ ಬೆರಳಿಗೆ ಸುದ್ದಿ ಕೊಡುತ್ತಿದ್ದ ಭಾಗ ಹೋಯಿತು. ಹ್ಯಾಮರಿನ ತೂಕ ಇಳಿದದ್ದರಿಂದ ಏಟಿನ ಸ್ವಭಾವವೂ ಬದಲಾಗಿರುತ್ತದೆ, ಅದನ್ನು ಮತ್ತೆ ಪರೀಕ್ಷಿಸಲೇಬೇಕು.

ಬಿದ್ದಾಗ ಏನಾಗುತ್ತದೆ ಎಂಬ ಪ್ರಶ್ನೆ ಇನ್ನೂ ಗಂಭೀರ. ರೂಗರ್ ಎಲ್‌ಸಿಪಿ ಮಾರುಕಟ್ಟೆಗೆ ಬಂದ ವರ್ಷವೇ, 2008ರ ಅಕ್ಟೋಬರಿನಲ್ಲಿ, ಗಟ್ಟಿ ನೆಲಕ್ಕೆ ಬಿದ್ದರೆ ಗುಂಡು ಹಾರಬಹುದು ಎಂದು ಕಂಪನಿಯೇ ಪಿಸ್ತೂಲುಗಳನ್ನು ವಾಪಸ್ ಕರೆಸಿ ಹ್ಯಾಮರಿನ ಭಾಗಗಳನ್ನು ಬದಲಿಸಿ ಕೊಟ್ಟಿತು. ಸಿಗ್ ಪಿ320 ಇನ್ನೂ ದೊಡ್ಡ ಕಥೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಇದನ್ನು ಆರಿಸಿಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ, ಹಿಂಭಾಗ ನೆಲಕ್ಕೆ ತಾಗುವಂತೆ ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಗುಂಡು ಹಾರುತ್ತದೆ ಎಂದು ಬಯಲಾಯಿತು. ಕಾರಣ ಏನು ಗೊತ್ತಾ? ಟ್ರಿಗರಿನ ಸ್ವಂತ ತೂಕ. ಪಿಸ್ತೂಲು ನೆಲಕ್ಕೆ ಬಡಿದು ನಿಂತರೂ ಟ್ರಿಗರ್ ತನ್ನ ವೇಗದಲ್ಲೇ ಹಿಂದಕ್ಕೆ ಸಾಗುತ್ತಿತ್ತು, ಯಾರೋ ಬೆರಳಿನಿಂದ ಎಳೆದ ಹಾಗೆ. ಕಂಪನಿ ಕೊಟ್ಟ ಪರಿಹಾರದಲ್ಲಿ ಮುಖ್ಯವಾದದ್ದು ಟ್ರಿಗರ್, ಸಿಯರ್ ಮತ್ತು ಸ್ಟ್ರೈಕರಿನ ತೂಕ ಇಳಿಸಿದ್ದು. ಗ್ಲಾಕಿನ ಟ್ರಿಗರಿನಲ್ಲಿರುವ ಆ ಸಣ್ಣ ನಾಲಿಗೆ ಇಂಥ ಚಲನೆಯನ್ನು ತಡೆಯುವುದಕ್ಕೇ ಇರುವುದು.

ಈಗ ಕೊಳ್ಳುವವನ ಜಾಗದಲ್ಲಿ ನಿಂತು ನೋಡಿ. ಪ್ಲಾಸ್ಟಿಕ್ ಟ್ರಿಗರ್ ಚೆನ್ನಾಗಿಲ್ಲ ಎಂದು ಲೋಹದ್ದು ಹಾಕುತ್ತಾನೆ. ಎಳೆತ ಹಗುರವಾಯಿತು ಎಂದು ಸಂತೋಷ. ಆದರೆ ಆ ತುಂಡಿನ ತೂಕ ಹೆಚ್ಚಾಗಿದೆ, ಅದನ್ನು ಮುಂದಕ್ಕೆ ಹಿಡಿದಿಡುವ ಸ್ಪ್ರಿಂಗಿನ ಬಲ ಕಡಿಮೆಯಾಗಿದೆ. ಎರಡೂ ಸೇರಿದರೆ ಬಿದ್ದಾಗ ಏನಾಗುತ್ತದೆ ಎಂದು ಕೈಯಲ್ಲಿ ಹಿಡಿದು ಎಳೆದು ನೋಡಿದರೆ ತಿಳಿಯುವುದಿಲ್ಲ. ಅಂಗಡಿಯವನು ಸ್ಪ್ರಿಂಗ್ ಪರೀಕ್ಷಿಸಿರಬಹುದು, ಟ್ರಿಗರ್ ಮಾಡಿದ ಇನ್ನೊಂದು ಕಂಪನಿ ಅದನ್ನು ಪರೀಕ್ಷಿಸಿರಬಹುದು. ಈ ಪಿಸ್ತೂಲಿನಲ್ಲಿ ಇವೆರಡೂ ಒಟ್ಟಿಗೆ ಹೇಗಿರುತ್ತವೆ ಎಂದು ನೋಡಿದವರು ಯಾರೂ ಇಲ್ಲ.

ಅತಿ ಕೆಟ್ಟ ಬದಲಾವಣೆ ಅಂದರೆ ಫೈರಿಂಗ್ ಪಿನ್ನಿನ ತಡೆಯನ್ನೇ ಕಿತ್ತುಹಾಕುವುದು. ಟ್ರಿಗರ್ ಪೂರ್ತಿ ಎಳೆಯುವ ತನಕ ಪಿನ್ ಮುಂದೆ ಹೋಗದ ಹಾಗೆ ತಡೆಯುವ ಚಿಕ್ಕ ತುಂಡು ಅದು. ಟ್ರಿಗರ್ ಎಳೆತದಲ್ಲಿ ಸ್ವಲ್ಪ ಒರಟು ತರುತ್ತದೆ, ನಿಜ. ಸಿಝಡ್ 75 ಬಿ ಹೆಸರಿನ ಬಿ ಈ ತಡೆಯ ಗುರುತು. ಅದೇ ಕಂಪನಿಯ ಶ್ಯಾಡೋ 2 ಸ್ಪರ್ಧೆಗೆಂದು ಮಾಡಿದ್ದು, ಅದರಲ್ಲಿ ಈ ತಡೆ ಇಲ್ಲ, ಟ್ರಿಗರ್ ಅದ್ಭುತ. ಸ್ಪರ್ಧೆಯ ಮೈದಾನದಲ್ಲಿ ಅಧಿಕಾರಿ ಹೇಳುವ ತನಕ ಗುಂಡು ತುಂಬುವ ಹಾಗಿಲ್ಲ, ಮುಗಿದ ತಕ್ಷಣ ಖಾಲಿ ಮಾಡಿ ತೋರಿಸಬೇಕು. ಸೊಂಟದಲ್ಲಿರುವ ಪಿಸ್ತೂಲು ಇಡೀ ದಿನ ತುಂಬಿರುತ್ತದೆ, ಶೌಚಾಲಯಕ್ಕೆ ಹೋದಾಗ, ಕಾರು ಹತ್ತುವಾಗ, ಮಗುವನ್ನು ಎತ್ತಿಕೊಂಡಾಗ ಕೂಡ. ಅಲ್ಲಿನ ಭಾಗವನ್ನು ಇಲ್ಲಿಗೆ ತಂದು ಹಾಕುವವರ ಮೇಲೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ, ಅಪಾಯ ಅವರೊಬ್ಬರಿಗೇ ಆಗಿದ್ದರೆ ಬೇರೆ ಮಾತು.

ಇದನ್ನೆಲ್ಲ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಇಲ್ವಾ ಅಂತ ಕೇಳಬಹುದು. ಇಲ್ಲ. ಅಮೆರಿಕದಲ್ಲಿ ಮಿಕ್ಸಿಯಿಂದ ಮಗುವಿನ ತೊಟ್ಟಿಲವರೆಗೆ ದೋಷ ಇದ್ದರೆ ವಾಪಸ್ ಕರೆಸುವ ಗ್ರಾಹಕ ಸುರಕ್ಷತಾ ಆಯೋಗ ಇದೆ. 1972ರಲ್ಲಿ ಅದರ ಕಾನೂನು ಬರೆಯುವಾಗಲೇ ಬಂದೂಕನ್ನು ಹೊರಗಿಟ್ಟರು. ಆದ್ದರಿಂದ ಯಾವ ಕೇಂದ್ರ ಇಲಾಖೆಯೂ ಪಿಸ್ತೂಲನ್ನು ವಾಪಸ್ ಕರೆಸಿ ಎಂದು ಆದೇಶಿಸಲಾರದು, ಕಂಪನಿ ತಾನಾಗಿ ಮಾಡಬೇಕು. ಬೀಳಿಸಿ ನೋಡುವ ಪರೀಕ್ಷೆಯ ಮಾನದಂಡ ಕೂಡ ತಯಾರಕರ ಸಂಘದ್ದು, ಸ್ವಇಚ್ಛೆಯದ್ದು. ಕ್ಯಾಲಿಫೋರ್ನಿಯಾ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ, ಸುಮಾರು ಒಂದು ಮೀಟರ್ ಎತ್ತರದಿಂದ ಕಾಂಕ್ರೀಟಿನ ಮೇಲೆ ಬೀಳಿಸುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಮಕ್ಕಳ ಕೈಗೆ ಸಿಕ್ಕರೆ ಎಳೆಯಲು ಆಗದ ಹಾಗೆ 10 ಪೌಂಡಿನ ಎಳೆತ ಅಥವಾ ಅಂಥದ್ದೇ ಬೇರೆ ಏರ್ಪಾಡು ಇರಬೇಕು. ಇವೆಲ್ಲ ಅಂಗಡಿಯಲ್ಲಿ ಮಾರುವ ಪಿಸ್ತೂಲಿಗೆ. ಮನೆಗೆ ಬಂದ ಮೇಲೆ ಬದಲಾಯಿಸಿದ ಪಿಸ್ತೂಲನ್ನು ಯಾರೂ ಬೀಳಿಸಿ ನೋಡುವುದಿಲ್ಲ.

ಉಳಿದ ದಾರಿ ನ್ಯಾಯಾಲಯ. ಪಿ320 ಯಾರೂ ಟ್ರಿಗರ್ ಮುಟ್ಟದೆ ಹಾರಿತು ಎಂದು ಹತ್ತಾರು ಮೊಕದ್ದಮೆಗಳಾಗಿವೆ. 2024ರ ಜೂನಿನಲ್ಲಿ ಜಾರ್ಜಿಯಾದ ಜ್ಯೂರಿ 23.5 ಲಕ್ಷ ಡಾಲರ್, ನವೆಂಬರಿನಲ್ಲಿ ಫಿಲಡೆಲ್ಫಿಯಾದ ಜ್ಯೂರಿ 1.1 ಕೋಟಿ ಡಾಲರ್ ಕೊಡಿಸಿತು. ಪಿಸ್ತೂಲು ಸುರಕ್ಷಿತ ಎಂದೇ ಕಂಪನಿ ಹೇಳುತ್ತಿದೆ, ಕೆಲವು ಪ್ರಕರಣಗಳನ್ನು ಗೆದ್ದೂ ಇದೆ. 2025ರಲ್ಲಿ ಕಂಪನಿಯ ತವರು ರಾಜ್ಯ ನ್ಯೂ ಹ್ಯಾಂಪ್‌ಶೈರ್, ಹೊರಗಿನ ಸೇಫ್ಟಿ ಗುಂಡಿಯಂಥ ಕೆಲವು ಅಂಶಗಳು ಇಲ್ಲ ಎಂಬ ಕಾರಣಕ್ಕೆ ತಯಾರಕರ ಮೇಲೆ ದಾವೆ ಹೂಡುವುದಕ್ಕೆ ಅಡ್ಡಿಯಾಗುವ ಕಾನೂನು ತಂದಿತು. ಕಾರ್ಖಾನೆಯಿಂದ ಬಂದ ಹಾಗೇ ಇರುವ ಪಿಸ್ತೂಲಿನ ಮೇಲೆ ದಾವೆ ಗೆಲ್ಲುವುದೇ ಇಷ್ಟು ಕಷ್ಟ. ಟ್ರಿಗರ್ ಬದಲಿಸಿದ ಪಿಸ್ತೂಲು ತಾನಾಗಿ ಹಾರಿತು ಎಂದರೆ ಕಂಪನಿಯ ವಕೀಲರು ಮೊದಲು ತೋರಿಸುವುದು ಆ ಬದಲಾವಣೆಯನ್ನೇ.

ನೀವು ಗುಂಡು ಹಾರಿಸಿದ ಪ್ರಕರಣದಲ್ಲಿ ಟ್ರಿಗರಿನ ಭಾರ ಬೇರೆ ರೀತಿಯಲ್ಲಿ ಬರುತ್ತದೆ. ಮಸ್ಸಾದ್ ಆಯೂಬ್ ಎಂಬ ಹಳೆಯ ತರಬೇತುದಾರರು ಹಲವು ದಶಕಗಳಿಂದ ಇದನ್ನು ಹೇಳುತ್ತಿದ್ದಾರೆ. ಬೇಕೆಂದೇ ಮಾಡಿದ ಕೃತ್ಯಕ್ಕೆ ಮನೆಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ನಿರ್ಲಕ್ಷ್ಯಕ್ಕೆ ಕೊಡಬಹುದು. ಹಾಗಾಗಿ ಎದುರು ಪಕ್ಷದ ವಕೀಲರಿಗೆ ಆತ್ಮರಕ್ಷಣೆ ಅಲ್ಲ, ಹಗುರ ಟ್ರಿಗರಿನಿಂದ ಅಚಾನಕ್ಕಾಗಿ ಹಾರಿದ್ದು ಎಂದು ವಾದಿಸುವುದು ಲಾಭ. ಕಾರ್ಖಾನೆ ಹೇಳಿದ ಭಾರಕ್ಕಿಂತ ಕೆಳಗೆ ಇಳಿಸಬೇಡಿ ಎಂಬುದು ಅವರ ಸಲಹೆ. ಅಂಥ ಪ್ರಕರಣಗಳು ಕಡಿಮೆ, ಸುಮ್ನೆ ಹೆದರಿಸುತ್ತಾರೆ ಎನ್ನುವವರೂ ಇದ್ದಾರೆ. ಆದರೆ ಅಕಾಯ್ ಗರ್ಲಿ ಪ್ರಕರಣ ನೋಡಿ. ಅಲ್ಲಿ ಜ್ಯೂರಿಯವರು ಆ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಟ್ರಿಗರ್ ಎಳೆದು ನೋಡಿದರು, ಎಳೆಯುವುದು ಕಷ್ಟ ಅನ್ನಿಸಿದ್ದು ಆ ಪೊಲೀಸನ ವಿರುದ್ಧ ಹೋಯಿತು. 2016ರ ಫೆಬ್ರವರಿಯಲ್ಲಿ ತಪ್ಪಿತಸ್ಥ ಎಂದರು, ಆಮೇಲೆ ನ್ಯಾಯಾಧೀಶರು ಆರೋಪವನ್ನು ಇಳಿಸಿ ಜೈಲುಶಿಕ್ಷೆ ಕೊಡಲಿಲ್ಲ. ಭಾರವಾಗಲಿ ಹಗುರವಾಗಲಿ, ಟ್ರಿಗರ್ ಒಂದು ಸಾಕ್ಷ್ಯ. ಕಾರ್ಖಾನೆಯದ್ದಾದರೆ ಅದನ್ನು ಸಮರ್ಥಿಸುವ ಹೊಣೆ ಕಾರ್ಖಾನೆಯದ್ದು, ನಿಮ್ಮದಾದರೆ ನಿಮ್ಮದು.

ಇನ್ನೊಂದು ಗೆರೆ ಇದೆ. ಒಂದು ಸಲ ಟ್ರಿಗರ್ ಎಳೆದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರುವುದೆಲ್ಲ 1934ರ ಕಾನೂನಿನ ಪ್ರಕಾರ ಮೆಷಿನ್ ಗನ್. ಸಿಯರನ್ನು ಮಿತಿಮೀರಿ ತಿಕ್ಕಿ, ಹ್ಯಾಮರ್ ನಿಲ್ಲದೆ ಸ್ಲೈಡಿನ ಜೊತೆಗೇ ಬಂದು ಎರಡು ಮೂರು ಗುಂಡು ಹಾರಿದರೆ ಅದು ಬರೀ ಕೆಟ್ಟ ಪಿಸ್ತೂಲಾಗಿ ಉಳಿಯುವುದಿಲ್ಲ. ಆರೋಪಿಗೆ ಅದು ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಸ್ಟೇಪಲ್ಸ್ ಪ್ರಕರಣದಲ್ಲಿ ಹೇಳಿದೆ. ಗೊತ್ತಾದ ಮೇಲೂ ಇಟ್ಟುಕೊಂಡರೆ ಆ ರಕ್ಷಣೆ ಉಳಿಯುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಪರ್ಮಿಟ್ ಬೇಡದ ರಾಜ್ಯದಲ್ಲಿದ್ದೇನೆ ಎಂದು ವೀಸಾದವರು ಗೆಳೆಯನ ಪಿಸ್ತೂಲು ಇಟ್ಟುಕೊಂಡರೆ ಅದು ಗಂಭೀರ ಅಪರಾಧ, ವಲಸೆಯ ಇಡೀ ಬದುಕು ಕೈಬಿಟ್ಟು ಹೋಗಬಹುದು. ಭಾರತದಲ್ಲಿ ಈ ಸಂಸ್ಕೃತಿಯೇ ಇಲ್ಲ. ಅಮೆರಿಕದಲ್ಲಿ ಎಲ್ಲರ ಸೊಂಟದಲ್ಲಿರುವ 9 ಎಂಎಂ ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್ (ನಳಿಕೆಯ ಅಳತೆ), ಲೈಸೆನ್ಸ್ ಇರುವ ಸಾಮಾನ್ಯರಿಗೂ ಸಿಗುವುದಿಲ್ಲ.

ಹಾಗಾದರೆ ಕಾನೂನುಬದ್ಧವಾಗಿ ಇಟ್ಟುಕೊಂಡವರು ಏನನ್ನೂ ಮುಟ್ಟಬಾರದಾ? ಮುಟ್ಟಬಹುದು. ಮೊದಲು ಹೋಲ್‌ಸ್ಟರಿಗೆ ದುಡ್ಡು ಹಾಕಿ, ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್. ಆಮೇಲೆ ಗುಂಡು ಖರ್ಚು ಮಾಡಿ ಅಭ್ಯಾಸ ಮಾಡಿ. ಎಷ್ಟೋ ಟ್ರಿಗರುಗಳು ಕೆಲವು ನೂರು ಗುಂಡಿನ ನಂತರ ತಾವಾಗಿಯೇ ನಯವಾಗುತ್ತವೆ. ಆಗಲೂ ಸರಿ ಇಲ್ಲ ಅನ್ನಿಸಿದರೆ ಬಲ್ಲ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಒರಟುತನ ತೆಗೆಸಿ, ಭಾರ ಕಾರ್ಖಾನೆಯ ಮಿತಿಯೊಳಗೇ ಇರಲಿ, ತಡೆಗಳೆಲ್ಲ ಇದ್ದಲ್ಲೇ ಇರಲಿ. ಹಿಡಿಕೆ ಕೈಗೆ ಹೊಂದದೆ ಬೆರಳು ವಾರೆಯಾಗಿ ಕೂರುತ್ತಿರುವುದೂ ಇರಬಹುದು, ಆಗ ಹಿಡಿಕೆ ಬದಲಿಸಿದರೆ ಟ್ರಿಗರ್ ಹಗುರವಾದ ಹಾಗೇ ಅನ್ನಿಸುತ್ತದೆ. ಸ್ಪ್ರಿಂಗ್ ಬದಲಿಸಿದರೆ ಸೊಂಟದಲ್ಲಿ ಇಡುವ ಅದೇ ಗುಂಡನ್ನೇ ಸಾಕಷ್ಟು ಹಾರಿಸಿ ನೋಡಿ, ಅಗ್ಗದ ಗುಂಡಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

ಮತ್ತೆ, ತೆಗೆದ ಹಳೆಯ ಭಾಗಗಳನ್ನು ಎಸೆಯಬೇಡಿ, ಹೆಸರು ಬರೆದು ಒಂದು ಕವರಿನಲ್ಲಿಡಿ. ರಿಪೇರಿಗೆ ಕಳಿಸಿದ ಪಿಸ್ತೂಲಿನಲ್ಲಿ ಹೊರಗಿನ ಟ್ರಿಗರ್, ಹ್ಯಾಮರ್ ಕಂಡರೆ ಅದನ್ನು ತೆಗೆದು ತಮ್ಮದನ್ನೇ ಹಾಕಿ ವಾಪಸ್ ಕಳಿಸುವ ತಯಾರಕರಿದ್ದಾರೆ. ಆ ಪಿಸ್ತೂಲನ್ನು ಮಾಡಿದ ಎಂಜಿನಿಯರುಗಳೇ ಅದನ್ನು ಹಾಗೆ ಹೊರಗೆ ಬಿಡಲು ಒಪ್ಪುವುದಿಲ್ಲ.